ಗುಳಿಗೆಯ ಹೊದಿಕೆ, ಒಳಗಿನ ಲವಣ

ವ್ರತಿಯಾದ ಗೃಹಸ್ಥನಿಗೆ ಅಡುಗೆಮನೆಯಲ್ಲಿ ಎದುರಾಗುವ ಸಂದೇಹಗಳಿಗೆ ಹಿರಿಯರು ಉತ್ತರ ಹೇಳಿಟ್ಟಿದ್ದಾರೆ. ನೀರನ್ನು ಹೇಗೆ ಸೋಸಬೇಕು, ಯಾವ ಕಂದಮೂಲ ವರ್ಜ್ಯ, ಸೂರ್ಯಾಸ್ತಕ್ಕೆ ಎಷ್ಟು ಮುನ್ನ ಊಟ ಮುಗಿಯಬೇಕು ಎಂಬುದು ಮನೆಯ ಮಕ್ಕಳಿಗೂ ಗೊತ್ತು. ಔಷಧದ ಅಂಗಡಿಯಲ್ಲಿ ಹುಟ್ಟುವ ಸಂದೇಹಗಳಿಗೆ ಅಂತಹ ಸಿದ್ಧ ಉತ್ತರವಿಲ್ಲ. ಹಾಸನದ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಇದು ಅನುಭವಕ್ಕೆ ಬಂದಿತು.

ಕೆಲವು ತಿಂಗಳುಗಳಿಂದ ರಾತ್ರಿಯ ಹೊತ್ತು ಅವರ ಮೀನಖಂಡಗಳು ಸೆಳೆದು ನಿದ್ರೆ ಕೆಡುತ್ತಿತ್ತು. ರಕ್ತಪರೀಕ್ಷೆಯಲ್ಲಿ ಮ್ಯಾಗ್ನೀಸಿಯಂ ಕಡಿಮೆಯೆಂದು ತಿಳಿದು, ವೈದ್ಯರು ಕ್ಯಾಪ್ಸೂಲ್ ಬರೆದುಕೊಟ್ಟರು. ಮೂರು ದಿನ ನುಂಗಿದ ಮೇಲೆ, ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ 'ಜಿಲೆಟಿನ್' ಎಂಬ ಮಾತು ಅವರ ಕಣ್ಣಿಗೆ ಬಿತ್ತು. ದನ, ಹಂದಿ ಮೊದಲಾದ ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ತೆಗೆದ ವಸ್ತುವದು. ಮರುದಿನ ಅವರು ಉಪವಾಸವಿದ್ದರು.

"ಅಪ್ಪಾಜಿ, ಔಷಧಕ್ಕೆ ಯಾವ ದೋಷ? ನೀವೇನು ರುಚಿಗೆ ತಿಂದಿರಾ?" ಎಂದು ಮಗ ಕೇಳಿದ. ಮಗನ ಮಾತು ತೆಗೆದುಹಾಕುವಂಥದಲ್ಲ. ಆದರೆ ಪ್ರಾಣಸಂಕಟವಿದ್ದು ಬೇರೆ ಉಪಾಯವಿಲ್ಲದಾಗ ಕೇಳುವ ಪ್ರಶ್ನೆ ಬೇರೆ, ಅಂಗಡಿಯ ಅದೇ ಹಲಗೆಯ ಮೇಲೆ ಬೇರೆ ಡಬ್ಬಿಗಳಿರುವಾಗ ಕೇಳುವ ಪ್ರಶ್ನೆ ಬೇರೆ. ಕೃತ, ಕಾರಿತ, ಅನುಮೋದನ ಎಂಬ ಮೂರರಲ್ಲಿ ಕೊಳ್ಳುವವನ ಪಾಲು ಯಾವುದೆಂದು ತಾವೇ ಪಾಠಶಾಲೆಯ ಮಕ್ಕಳಿಗೆ ಹೇಳಿಕೊಟ್ಟಿದ್ದ ಉಪಾಧ್ಯಾಯರಿಗೆ ಇದನ್ನು ಬೇರೆಯವರು ನೆನಪಿಸಬೇಕಾಗಿರಲಿಲ್ಲ.

ಕಾನೂನಿನಿಂದ ದೊರೆಯುವ ನೆರವು ಅರ್ಧ ಮಾತ್ರ. ಆಹಾರದ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆ 2001ರಲ್ಲಿ ಬಂದಿತು. ಜೀವರಕ್ಷಕವಲ್ಲದ ಔಷಧಗಳಿಗೂ ಅಂತಹ ಗುರುತು ಬೇಕೆಂದು 2002ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಹೇಳಿತಾದರೂ, 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಗೊಳಿಸಿತು. ಹೀಗಾಗಿ ಒಂದೇ ಲವಣ ಆಹಾರಪೂರಕವೆಂದು ಮಾರಾಟವಾದರೆ ಗುರುತು ಹೊತ್ತಿರುತ್ತದೆ; ಔಷಧವೆಂದು ಮಾರಾಟವಾದರೆ ಗುರುತಿಲ್ಲದೆಯೂ ಬರಬಹುದು. ಹಲವರಿಗೆ ಈ ಭೇದ ತಿಳಿಯದು.

ಉಪಾಧ್ಯಾಯರು ಹಸಿರು ಚುಕ್ಕೆಯ ಮಾತ್ರೆಯನ್ನು ಹುಡುಕಿ ತಂದರು. ಬೆಲೆಯೂ ಕಡಿಮೆ. ಅದು ಮ್ಯಾಗ್ನೀಸಿಯಂ ಆಕ್ಸೈಡ್. ಆರು ವಾರ ಕಳೆದರೂ ಸೆಳೆತ ನಿಲ್ಲಲಿಲ್ಲ. ಹೊಟ್ಟೆ ಮಾತ್ರ ಸಡಿಲವಾಯಿತು. ಅಹಿಂಸೆಗಾಗಿ ಇಷ್ಟು ಸಹಿಸಬೇಕೆಂದು ಅವರು ಸುಮ್ಮನಿದ್ದರು. ಇಲ್ಲಿಯೇ ಅವರು ತಪ್ಪಿದ್ದು.

ಔಷಧಶಾಸ್ತ್ರ ಓದಿದ ತಮ್ಮನ ಮಗಳು ರಜೆಗೆ ಬಂದಾಗ ಮಾತ್ರೆಯನ್ನು ನೋಡಿ ನಕ್ಕಳು. "ದೊಡ್ಡಪ್ಪ, ನೀವು ಹೊದಿಕೆಯನ್ನು ಪರೀಕ್ಷಿಸಿದಿರಿ, ಒಳಗಿನದನ್ನು ಪರೀಕ್ಷಿಸಲಿಲ್ಲ." ಅವಳು ವಿವರಿಸಿದ್ದು ಹೀಗೆ: ಆಕ್ಸೈಡಿನ ತೂಕದಲ್ಲಿ ನೂರಕ್ಕೆ 60 ಭಾಗ ಮ್ಯಾಗ್ನೀಸಿಯಂ, ಸಿಟ್ರೇಟಿನಲ್ಲಿ ಸುಮಾರು 16, ಗ್ಲೈಸಿನೇಟಿನಲ್ಲಿ ಸುಮಾರು 14. ಅಂಕಿಯನ್ನಷ್ಟೇ ನೋಡಿದರೆ ಆಕ್ಸೈಡೇ ಶ್ರೇಷ್ಠ. ಆದರೆ ಅದು ನೀರಿನಲ್ಲಿ ಕರಗುವುದೇ ಇಲ್ಲವೆನ್ನಬೇಕು; ಕರಗಲು ಜಠರಾಮ್ಲ ಬೇಕು. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಮ್ಲ ಹೇರಳವಾಗಿದ್ದ ಸ್ಥಿತಿಯಲ್ಲಿಯೂ ಆಕ್ಸೈಡು ನೂರಕ್ಕೆ 43 ಭಾಗ ಮಾತ್ರ ಕರಗಿತು. ಸಿಟ್ರೇಟು ಆಮ್ಲವಿಲ್ಲದೆಯೇ ನೂರಕ್ಕೆ 55 ಭಾಗ ಕರಗಿತ್ತು. ಕರಗದೆ ಉಳಿದದ್ದು ಕರುಳಿಗೆ ನೀರನ್ನು ಸೆಳೆದು ಭೇದಿಯಾಗುತ್ತದೆ.

ಇನ್ನು ಸಿಟ್ರೇಟೋ ಗ್ಲೈಸಿನೇಟೋ? ಉಪಾಧ್ಯಾಯರು ಇಲ್ಲಿಯೂ ಮೂಲವನ್ನು ಕೆದಕದೆ ಬಿಡಲಿಲ್ಲ. ಸಿಟ್ರಿಕ್ ಆಮ್ಲವನ್ನು ಇಂದು ನಿಂಬೆಯಿಂದಲ್ಲ, ಸಕ್ಕರೆಯ ಮೇಲೆ ಬೂಷ್ಟನ್ನು ಬೆಳೆಸಿ ತಯಾರಿಸುತ್ತಾರೆ; 1917ರಲ್ಲಿ ಕಂಡುಕೊಂಡ ವಿಧಾನವದು. ಗ್ಲೈಸಿನ್ ಜಿಲೆಟಿನ್ನಿನಲ್ಲಿಯೂ ಹೇರಳವಾಗಿದೆ, ಆದರೆ ಮಾರುಕಟ್ಟೆಗೆ ಬರುವುದು ಬಹುಪಾಲು ರಾಸಾಯನಿಕವಾಗಿ ಸಿದ್ಧವಾದದ್ದು. ಬೂಷ್ಟು ಏಕೇಂದ್ರಿಯವೆಂಬ ಅಳುಕು ಅವರಿಗೆ ಬಾರದಿರಲಿಲ್ಲ. ಎರಡನೆಯದನ್ನೇ ಆರಿಸಿದರು, ಹೊಟ್ಟೆಗೂ ಅದು ಹಿತ. ಮಾತ್ರೆ ಅಚ್ಚಿಗೆ ಅಂಟದಿರಲು ಸೇರಿಸುವ ಸ್ಟಿಯರೇಟ್ ಪ್ರಾಣಿಯ ಕೊಬ್ಬಿನಿಂದಲೂ ತಾಳೆಯೆಣ್ಣೆಯಿಂದಲೂ ಬರಬಹುದಾದ್ದರಿಂದ, ತಯಾರಕರಿಗೊಂದು ಪತ್ರ ಬರೆದು, ಸಸ್ಯಮೂಲವೆಂಬ ಉತ್ತರ ಪಡೆದರು.

ಹೊಸ ಮಾತ್ರೆ ತೋರಿಸಲು ವೈದ್ಯರ ಬಳಿಗೆ ಹೋದಾಗ ನಿಜವಾದ ಸಂಗತಿ ಹೊರಬಿತ್ತು. ಎದೆಯುರಿಗೆಂದು ಹಿಂದೆಂದೋ ಬರೆಸಿಕೊಂಡ ಆಮ್ಲನಿರೋಧಕ ಮಾತ್ರೆಯನ್ನು ಅವರು ಒಂಬತ್ತು ವರ್ಷಗಳಿಂದ ತಾವೇ ಕೊಂಡು ದಿನವೂ ನುಂಗುತ್ತಿದ್ದರು, ಯಾರಿಗೂ ಹೇಳಿರಲಿಲ್ಲ. ಇಂತಹ ಮಾತ್ರೆಗಳ ದೀರ್ಘಸೇವನೆಯಿಂದ ಮ್ಯಾಗ್ನೀಸಿಯಂ ಕುಸಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿಯೇ ಎಚ್ಚರಿಸಿತ್ತು. ಅದು ಪರಿಶೀಲಿಸಿದ ಪ್ರಕರಣಗಳಲ್ಲಿ ಸುಮಾರು ಕಾಲು ಪಾಲಿನಲ್ಲಿ, ಪೂರಕ ಕೊಟ್ಟರೂ ಫಲ ಕಾಣದೆ ಮೂಲಮಾತ್ರೆಯನ್ನೇ ನಿಲ್ಲಿಸಬೇಕಾಯಿತು. ಆಮ್ಲವನ್ನು ತಡೆದು, ಆಮ್ಲವಿಲ್ಲದೆ ಕರಗದ ಆಕ್ಸೈಡನ್ನು ನುಂಗಿದ್ದ ತಮ್ಮ ಆರು ವಾರಗಳನ್ನು ನೆನೆದು ಉಪಾಧ್ಯಾಯರು ಮೌನವಾದರು. ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನು ಸೇರಿಸಿದ್ದು ಅವರಿಗೆ ತಿಳಿಯದ್ದೇನಲ್ಲ. ಅದು ತಮ್ಮ ದೇಹದ ವಿಷಯಕ್ಕೂ ಸಲ್ಲುತ್ತದೆಂದು ಅವರು ಎಣಿಸಿರಲಿಲ್ಲ.

ವೈದ್ಯರು ಮೂತ್ರಪಿಂಡದ ಪರೀಕ್ಷೆ ಮಾಡಿಸಿದರು, ಏಕೆಂದರೆ ಅದು ದುರ್ಬಲವಾಗಿದ್ದರೆ ಮ್ಯಾಗ್ನೀಸಿಯಂ ರಕ್ತದಲ್ಲಿ ಶೇಖರವಾಗಿ ಅಪಾಯ ತರುತ್ತದೆ. ಅನಂತರ ಹಳೆಯ ಮಾತ್ರೆಯನ್ನು ಕ್ರಮವಾಗಿ ಇಳಿಸಿದರು. ಮಲಗುವ ಮುನ್ನ ಎಂದು ಬರೆದದ್ದನ್ನು, ರಾತ್ರಿಭೋಜನತ್ಯಾಗವಿದೆಯೆಂದಾಗ, ಸಂಜೆಯ ಊಟದೊಂದಿಗೆ ಎಂದು ತಿದ್ದಿದರು. ಚಾತುರ್ಮಾಸದಲ್ಲಿ ಸೊಪ್ಪು ಬಿಡುವುದರಿಂದ ರಾಗಿ, ಎಳ್ಳು, ಹೆಸರುಕಾಳನ್ನು ಹೆಚ್ಚಿಸಲು ಹೇಳಿದರು. ರಕ್ತದಲ್ಲಿ ಕೊರತೆಯೇ ಇಲ್ಲದ ವೃದ್ಧರ ಸೆಳೆತಕ್ಕೆ ಈ ಲವಣದಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ನೆರೆಮನೆಯವರು ಕೇಳಿದಾಗ ಉಪಾಧ್ಯಾಯರು ಇದನ್ನೇ ಮೊದಲು ಹೇಳುತ್ತಾರೆ.

ಈಗ ಅವರಿಗೆ ನಿದ್ರೆ ಬರುತ್ತಿದೆ. ಆದರೆ ಮೊದಲ ಡಬ್ಬಿಯ ಇಪ್ಪತ್ತೇಳು ಕ್ಯಾಪ್ಸೂಲುಗಳು ಹಾಗೆಯೇ ಉಳಿದಿವೆ. ಒಡೆದ ಡಬ್ಬಿಯನ್ನು ಅಂಗಡಿಯವರು ಹಿಂದಕ್ಕೆ ಪಡೆಯಲಿಲ್ಲ. ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ತಾನು ನುಂಗಲೊಲ್ಲದ್ದನ್ನು ಇನ್ನೊಬ್ಬರಿಗೆ ಕೊಡುವುದು ದಾನವೇ, ಅನುಮೋದನೆಯೇ ಎಂದು ತೀರ್ಮಾನವಾಗದೆ, ಅದು ಗೋಡೆಯ ಗೂಡಿನಲ್ಲಿ ಕುಳಿತಿದೆ.