ನಿಲ್ಲುತ್ತ ನಡೆಯುವ ಸುಖ

ಕೂನೂರಿನಲ್ಲಿ ಚಳಿಗಾಲದ ನಸುಕಿಗೇ ಎದ್ದು ಹೊರಟವನನ್ನು ಯಾರೂ ಶಿಸ್ತಿನ ಮನುಷ್ಯನೆಂದು ಹೊಗಳುವುದಿಲ್ಲ. ಪಾಪ, ರಾತ್ರಿ ಕಂಬಳಿ ಸಾಲಲಿಲ್ಲವೇನೋ ಎಂದು ಮರುಗುತ್ತಾರೆ. ಜನವರಿಯ ಬಿಸಿಲು ಎದುರು ಗುಡ್ಡದ ನೆತ್ತಿಯಿಂದ ಇಳಿದು ಚಹಾ ತೋಟ ಮುಟ್ಟುವ ತನಕ ಊರು ಅರ್ಧ ಬಾಗಿಲನ್ನೇ ತೆರೆದಿರುತ್ತದೆ. ನನಗೆ ಆ ಹೊತ್ತೇ ಪ್ರೀತಿ. ಸ್ವೆಟರು, ಮಫ್ಲರು, ಮಂಕಿ ಕ್ಯಾಪು ಏರಿಸಿಕೊಂಡು ಯಾವುದಾದರೊಂದು ಹಟ್ಟಿಯ ಕಡೆ ಹೊರಡುತ್ತೇನೆ.

ಹಟ್ಟಿ ಎಂದರೆ ಈ ಬೆಟ್ಟದ ಬಡಗ ಜನರ ಊರು. ಇಳಿಜಾರಿನಲ್ಲಿ ಗೋಡೆಗೆ ಗೋಡೆ ಹೊಂದಿಸಿ ಕಟ್ಟಿದ ಮನೆಗಳ ಒಂದು ಸಾಲು, ಅದರ ಕೆಳಗೆ ಮತ್ತೊಂದು. ಮೇಲಿನ ಸಾಲಿನ ಅಂಗಳದಲ್ಲಿ ನಿಂತರೆ ಕೆಳಗಿನ ಮನೆಗಳ ಹೆಂಚು ಕಣ್ಣ ಮಟ್ಟಕ್ಕೆ ಬರುತ್ತದೆ. ನಡುವೆ ಕಲ್ಲಿನ ಮೆಟ್ಟಿಲು. ಹಳೆಯ ಮೆಟ್ಟಿಲುಗಳಿಗೆ ಒಂದೇ ಅಳತೆ ಎಂಬುದಿಲ್ಲ: ಒಂದು ಗೇಣುದ್ದ, ಮುಂದಿನದು ಮೊಣಕಾಲಿನವರೆಗೆ. ಇಬ್ಬನಿ ಕುಡಿದ ಪಾಚಿ ಬೇರೆ. 1,800 ಮೀಟರಿಗೂ ಎತ್ತರದ ಈ ಊರಿನಲ್ಲಿ ಬಯಲುಸೀಮೆಯ ಪುಪ್ಪುಸ ಹೊತ್ತು ತಂದವನು ಹತ್ತು ಮೆಟ್ಟಿಲಿಗೊಮ್ಮೆ ನಿಲ್ಲಲೇಬೇಕು. ನಡಿಗೆಯ ಸುಖ ಶುರುವಾಗುವುದು ಆ ನಿಲುಗಡೆಯಲ್ಲೇ.

ನಿಂತವನಿಗೆ ಮೊದಲು ಕಾಣುವುದು ಹಿಮ. ಅದು ಗುಡ್ಡದ ತುದಿಯಲ್ಲಿರದೆ ಕಣಿವೆಯ ತಳದಲ್ಲಿರುತ್ತದೆ. ಮೋಡವಿಲ್ಲದ ರಾತ್ರಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಣ್ಣಗಾಗಿ ತೂಕ ಹೆಚ್ಚಿದ ಗಾಳಿ ನೀರಿನ ಹಾಗೆ ಇಳಿಜಾರು ಹಿಡಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಹಾಗಾಗಿ ಕೆಳಗೆ ಕ್ಯಾರೆಟ್ಟಿನ ಪಾತಿ ಬೆಳ್ಳಗಿದ್ದರೆ ಮೇಲಿನ ಚಹಾ ಗಿಡ ಹಸಿರಾಗಿಯೇ ಇರುತ್ತದೆ. ರೈತರು ಬೆಳಗಾಗುತ್ತಲೇ ಸ್ಪ್ರಿಂಕ್ಲರ್ ತಿರುಗಿಸಿ ಸೊಪ್ಪಿನ ಮೇಲಿನ ಹಿಮ ತೊಳೆಯುತ್ತಾರೆ. ಈ ಚಳಿಯಲ್ಲಿ ನಿಧಾನ ಚಿಗುರುವ ಎಲೆಯ ಚಹಾಕ್ಕೆ ಘಮ ಹೆಚ್ಚು. ಅವಸರವಿಲ್ಲದಿರುವುದು ಗಿಡಕ್ಕೂ ಒಳ್ಳೆಯದೇ!

ಇಲ್ಲಿನ ರೈಲಿಗೂ ಈ ಬುದ್ಧಿ ಇದೆ. ಮೇಟ್ಟುಪಾಳ್ಯದಿಂದ ಹಲ್ಲುಹಳಿ ಕಚ್ಚಿಕೊಂಡು ಅದು ಕೂನೂರಿಗೆ ಬಂದದ್ದು 1899ರಲ್ಲಿ. ಉದಕಮಂಡಲ ತಲುಪಿದ್ದು 1908ರಲ್ಲಿ. ಇಂದಿಗೂ 46 ಕಿಲೋಮೀಟರ್ ಹತ್ತಲು ಐದು ಗಂಟೆಯ ಹತ್ತಿರ ಬೇಕು. ಉಗಿಬಂಡಿ ದಾರಿಯಲ್ಲಿ ನಿಂತು ನಿಂತು ನೀರು ಕುಡಿಯುತ್ತದೆ. ಅದರ ದಣಿವು ನೋಡಲು ದೇಶದೇಶಗಳಿಂದ ಜನ ಬರುತ್ತಾರೆ. ನನ್ನ ದಣಿವನ್ನು ಹಟ್ಟಿಯ ನಾಯಿಗಳಷ್ಟೇ ನೋಡುತ್ತವೆ.

ನನ್ನ ಮೆಚ್ಚಿನ ದಾರಿ ಅರವಂಕಾಡಿನಿಂದ ಜಗತಳದತ್ತ. ವೆಲ್ಲಿಂಗ್ಟನ್ನಿನ ದಂಡುಪ್ರದೇಶಕ್ಕೆ ಮೊದಲಿದ್ದದ್ದು ಈ ಹಟ್ಟಿಯ ಹೆಸರೇ. ಇಂಗ್ಲಿಷರ ಬಾಯಲ್ಲಿ ಅದು ಜಾಕಟಾಲ ಆಗಿ, 1860ರಲ್ಲಿ ಡ್ಯೂಕನ ಹೆಸರಿಗೆ ಜಾಗ ಬಿಟ್ಟಿತು. ಈ ಕಡೆಯ ಹಟ್ಟಿಗಳ ನಡುವೆ ಊರಿನವರು ಕೂತು ನ್ಯಾಯ ಮಾತಾಡುವ ಕಲ್ಲುಕಟ್ಟೆ ಇರುತ್ತದೆ. ಅದು ಸುತ್ತುಕಲ್ಲು. ಬಿಸಿಲು ತಾಗಿದೊಡನೆ ಬಿಳಿ ಶಾಲು ಹೊದ್ದ ಅಜ್ಜಂದಿರು ಅಲ್ಲಿ ಹಾಜರ್. ಹೊಸಬ ಸುಮ್ಮನೆ ದಾಟಿ ಹೋಗುವಂತಿಲ್ಲ. ಯಾವ ಹಟ್ಟಿ, ಯಾರ ಮನೆ ಎಂಬ ವಿಚಾರಣೆ ಆಗಬೇಕು. "ಮೈಸೂರು ಕಡೆಯವನು, ಅಜ್ಜ" ಎಂದೆನೋ, ಕೂರಲು ಜಾಗ ಸಿಕ್ಕಿತು. ತಮ್ಮ ಹಿರಿಯರೂ ಆ ಸೀಮೆಯಿಂದ ಬೆಟ್ಟ ಹತ್ತಿ ಬಂದವರೆಂಬ ಕತೆ ಅವರ ಮನೆಮನೆಯಲ್ಲಿದೆ. ಅವರು ಬಡಗದಲ್ಲಿ, ನಾನು ಕನ್ನಡದಲ್ಲಿ. ಅರ್ಧ ತಿಳಿಯುತ್ತದೆ, ಉಳಿದರ್ಧಕ್ಕೆ ನಗು ಸಾಕು. 1846ರಲ್ಲಿ ಪಕ್ಕದ ಕೇತಿಯಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನವರು ಈ ಮಾತನ್ನು ಅಚ್ಚು ಹಾಕಿಸಿದ್ದು ಕನ್ನಡ ಲಿಪಿಯಲ್ಲೇ. ನಾಲಿಗೆ ಮಡಿಚಿ ನುಡಿಯುವ ಇದರ ಸ್ವರಗಳನ್ನು ಕಿವಿಗೊಟ್ಟು ಕೇಳಿದ ಭಾಷಾವಿಜ್ಞಾನಿ ಎಮೆನೊ 1939ರಲ್ಲಿ ಅವುಗಳ ಮೇಲೆಯೇ ಒಂದು ಪ್ರಬಂಧ ಬರೆದರು. ಅವರೂ ನಿಂತು ಕೇಳಿದವರೇ ಇರಬೇಕು.

ಹೆತ್ತೆ ಹಬ್ಬವೂ ಈ ಚಳಿಯಲ್ಲೇ. ಮೂಲಜ್ಜಿಯೆಂದು ಬಡಗರು ಪೂಜಿಸುವ ಹೆತ್ತೆಗಾಗಿ, ಕೋತಗಿರಿ ಹತ್ತಿರದ ಬೇರಗಣಿಯಲ್ಲೂ ಇಲ್ಲೂ ಬಿಳಿ ಬಟ್ಟೆಯುಟ್ಟ ಜನ ಗುಡ್ಡದ ದಾರಿಯಲ್ಲಿ ಸಾಲುಗಟ್ಟುತ್ತಾರೆ. ಎದುರಾದ ಹಿರಿಯರ ಮುಂದೆ ಕಿರಿಯರು ತಲೆ ಬಾಗಿಸುತ್ತಾರೆ. ಹಿರಿಯರು ತಲೆ ಮುಟ್ಟಿ ಹರಸುತ್ತಾರೆ. ಒಬ್ಬೊಬ್ಬರಿಗೂ ನಿಂತು ಹರಸಬೇಕಾದ ದಾರಿಯಲ್ಲಿ ಯಾರು ತಾನೇ ಬೇಗ ತಲುಪಿಯಾರು? ಆದರೂ ಯಾರ ಮುಖದಲ್ಲೂ ತಡವಾಯಿತೆಂಬ ಗಾಬರಿಯಿಲ್ಲ. ತಲುಪುವುದು ಹಬ್ಬದ ಒಂದು ಭಾಗ ಮಾತ್ರ ಎಂಬುದು ಅವರಿಗೆ ಗೊತ್ತು.

ಎಷ್ಟು ದೂರ ನಡೆದು ಬಂದೆ ಎಂದು ಮನೆಯಲ್ಲಿ ಕೇಳುತ್ತಾರೆ. ಆ ಲೆಕ್ಕದಲ್ಲಿ ನಾನು ದಡ್ಡ. ಎಲ್ಲೆಲ್ಲಿ ನಿಂತೆ ಎಂದು ಕೇಳಲಿ, ಮಧ್ಯಾಹ್ನದ ಊಟ ಆರಿಹೋಗುವವರೆಗೆ ಹೇಳಬಲ್ಲೆ.