ನಾಲ್ಕು ಬ್ಲೇಡಿನ ಸಂದು

1986ರಲ್ಲಿ ನಾನು ಕೊಂಡ ಪ್ರೀಮಿಯರ್ ಪದ್ಮಿನಿಗೆ ಆಗಲೇ ಎಂಟು ವರ್ಷ ತುಂಬಿತ್ತು. ಬೆಲೆ 31,000 ರೂಪಾಯಿ. ಸೊಸೈಟಿ ಸಾಲ ಸಾಲದೆ ನಮ್ಮನೆಯವಳ ಅವಲಕ್ಕಿ ಸರವೂ ಗಿರವಿ ಅಂಗಡಿ ಸೇರಿತು. ಕೆನೆ ಬಣ್ಣದ ಆ ಕಾರಿನ ಬಾಗಿಲು ತೆಗೆದರೆ ಬಿಸಿಲಿಗೆ ಕಾದ ರೆಕ್ಸಿನ್ನು, ಪೆಟ್ರೋಲು ಮತ್ತು ಹಿಂದಿನ ಯಜಮಾನರ ನಶ್ಯ, ಮೂರೂ ಸೇರಿದ ಒಂದು ವಾಸನೆ ಮೂಗಿಗೆ ಹೊಡೆಯುತ್ತಿತ್ತು. ರಾಜಾಜಿನಗರದ ನಮ್ಮ ಅಡ್ಡರಸ್ತೆಯಲ್ಲಿ ಅದು ಎರಡನೆಯ ಕಾರು. ಮೊದಲನೆಯದು ಡಾಕ್ಟರದ್ದು. ಹಾಗಾಗಿ ನನಗೂ ಸ್ವಲ್ಪ ಡಾಕ್ಟರ ಗತ್ತು ಬಂದಿತ್ತು.

ಮಾರ್ಗಶಿರದ ಚಳಿಯಲ್ಲಿ ಅದನ್ನು ಎಬ್ಬಿಸುವುದೇ ಒಂದು ಕೆಲಸ. ಚೋಕ್ ಎಳೆದು, ಎರಡು ಸಲ ಆಕ್ಸಿಲರೇಟರ್ ತುಳಿದು ಕೀಲಿ ತಿರುಗಿಸಬೇಕು. ಆಗಲಿಲ್ಲವೆಂದರೆ ಬೀದಿ ಹುಡುಗರನ್ನು ಕರೆದು ನವರಂಗ್ ಕಡೆಯ ಇಳಿಜಾರಿಗೆ ತಳ್ಳಿಸಬೇಕು. ತಳ್ಳಿದವರಿಗೆ ತಲಾ ಒಂದು ಕಡಲೆಮಿಠಾಯಿ, ನಾಲ್ಕಾಣೆ.

ಹಾಳಾಗುತ್ತಿದ್ದುದು ಹೆಚ್ಚಾಗಿ ಪಾಯಿಂಟು. ನಿಮಗೆ ಅದರ ಹೆಸರೂ ಗೊತ್ತಿರಲಿಕ್ಕಿಲ್ಲ. ಡಿಸ್ಟ್ರಿಬ್ಯೂಟರಿನ ಕರಿ ಮುಚ್ಚಳ ತೆಗೆದರೆ ಒಳಗೆ ಉದ್ದಿನಕಾಳಿನಷ್ಟು ದೊಡ್ಡ ಎರಡು ಲೋಹದ ಬೊಟ್ಟುಗಳು ಕೂಡಿ ಬಿಡುತ್ತಿದ್ದವು. ಬಿಟ್ಟಾಗಲೆಲ್ಲ ಯಾವುದೋ ಒಂದು ಪ್ಲಗ್ಗಿನಲ್ಲಿ ಕಿಡಿ ಹಾರುತ್ತಿತ್ತು. ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಆ ಬೊಟ್ಟುಗಳು ಸೆಕೆಂಡಿಗೆ 100 ಸಲ ಬಿಟ್ಟುಕೂಡಬೇಕು. ಸುಟ್ಟು ಕರಿಕಾಗದೆ ಇನ್ನೇನಾದೀತು? ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಸಂದು ಕೂರಿಸಬೇಕಿತ್ತು. 0.4 ಮಿಲಿಮೀಟರಿನ ಆಸುಪಾಸು ಸಂದು ಬೇಕು. ಅಳೆಯುವ ಗೇಜು ನನ್ನ ಹತ್ತಿರ ಇರಲಿಲ್ಲ. ಗಡ್ಡ ಹೆರೆಯುವ ಬ್ಲೇಡಿನ ದಪ್ಪ 0.1 ಮಿಲಿಮೀಟರು, ನಾಲ್ಕು ಹಳೇ ಬ್ಲೇಡು ಜೋಡಿಸಿದರೆ ಲೆಕ್ಕ ಸರಿಹೋಯಿತು. ಬಚ್ಚಲುಮನೆಯ ಗೂಡಿನಲ್ಲಿ ಸೀಗೆಪುಡಿ ಡಬ್ಬಿಯ ಪಕ್ಕ ಆ ನಾಲ್ಕು ಬ್ಲೇಡು ಸದಾ ಇರುತ್ತಿದ್ದವು.

ಒಮ್ಮೆ ಏಪ್ರಿಲ್ ಬಿಸಿಲಲ್ಲಿ ಮೈಸೂರಿಗೆ ಹೊರಟಾಗ ಬಿಡದಿಯ ಹತ್ತಿರ ಕಾರು ನಿಂತಿತು. ಆ ಕಾಲದ ಕಾರುಗಳಿಗೆಲ್ಲ ಇದ್ದ ಕಾಯಿಲೆ ಅದು: ಕಾವಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಪಂಪು ಎಳೆಯುತ್ತಿರಲಿಲ್ಲ. ಅಮ್ಮ ಬುತ್ತಿ ಕಟ್ಟಿದ್ದ ಮಸಿಬಟ್ಟೆ ಬಿಚ್ಚಿ, ಚರಿಗೆಯ ನೀರಲ್ಲಿ ಅದ್ದಿ ನನ್ನ ಕೈಗಿತ್ತಳು. ಪಂಪಿಗೆ ಸುತ್ತಿ ಕಾಲು ಗಂಟೆ ಬಿಟ್ಟು ನೋಡಿದರೆ ಗಾಡಿ ಶುರು! ಅಮ್ಮನಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಜ್ವರಕ್ಕೆ ತಣ್ಣೀರು ಪಟ್ಟಿ ಹಾಕುವುದಿಲ್ಲವೇ ಎಂದಳು.

ಇಂಥವನ್ನೇ ಹೇಳಿಕೊಂಡು ತಿರುಗುವ ನನ್ನ ವಯಸ್ಸಿನವರನ್ನು ಪೂರ್ತಿ ನಂಬಬೇಡಿ. ಒಂದು ಶ್ರಾವಣದಲ್ಲಿ ಪದ್ಮಿನಿ ಮೂರು ವಾರ ಬಾಗಿಲಲ್ಲೇ ನಿಂತಿತ್ತು. ಮೊದಲ ಭಾನುವಾರ ಜೆ.ಸಿ. ರೋಡಿನಿಂದ ಹೊಸ ಪಾಯಿಂಟು, ಕಂಡೆನ್ಸರು ತಂದು ಹಾಕಿದೆ. ಎರಡನೆಯ ಭಾನುವಾರ ನಾಲ್ಕು ಮೈಕೋ ಪ್ಲಗ್ಗು. ಎದುರುಮನೆಯವರು ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿದ್ದರು. ತಮ್ಮ ಕೈಯಲ್ಲೇ ಆದದ್ದೇನೋ ಎಂಬಂತೆ ಪ್ಲಗ್ಗನ್ನು ಬೆಳಕಿಗೆ ಹಿಡಿದು ಆಶೀರ್ವದಿಸಿ ಕೊಟ್ಟರು. (1951ರಲ್ಲಿ ಶುರುವಾದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಎದುರುಮನೆಯವರು ಬದಲಿಸಲಿಲ್ಲ.) ಮೂರನೆಯ ಭಾನುವಾರ ಕಾಯಿಲ್ಲು. ಒಟ್ಟು ಖರ್ಚು 214 ರೂಪಾಯಿ. ಕೊನೆಗೆ ಪ್ರಕಾಶನಗರದಿಂದ ಕರೆತಂದ ಮೇಸ್ತ್ರಿ ಬೀಡಿ ಹಚ್ಚುವ ಮೊದಲೇ ಕಂಡುಹಿಡಿದ: ಮೊದಲ ಭಾನುವಾರ ಪಾಯಿಂಟು ಕೂರಿಸುವಾಗ ಒಂದು ಸಣ್ಣ ವೈರನ್ನು ನಾನೇ ಲೋಹಕ್ಕೆ ತಗಲುವಂತೆ ಬಿಟ್ಟಿದ್ದೆ. "ಭಾನುವಾರ ಊಟ ಮಾಡಿ ಮಲಗಿ ಸ್ವಾಮಿ" ಎಂದು ಐದು ರೂಪಾಯಿ ಇಸಿದುಕೊಂಡು ಹೋದ.

2000ದ ಆಸುಪಾಸಿನಲ್ಲಿ ಪದ್ಮಿನಿಯ ತಯಾರಿಕೆ ನಿಂತಿತು. 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಹೊಸ ಕಾರುಗಳಿಗೆ ಭಾರತ್ ಸ್ಟೇಜ್ ಎರಡರ ಹೊಗೆ ನಿಯಮ ಬಂತು. ಕಾರ್ಬ್ಯುರೇಟರು, ಪಾಯಿಂಟು, ಚೋಕು ಎಲ್ಲ ಒಂದೊಂದಾಗಿ ಎದ್ದುಹೋದವು. ನನ್ನದನ್ನು ಮಾಗಡಿ ರಸ್ತೆಯ ಗುಜರಿಯವನು 9,000ಕ್ಕೆ ಒಯ್ದ. ಅಳಲಿಲ್ಲ. ಅದು ಲೀಟರಿಗೆ ಹತ್ತು ಕಿಲೋಮೀಟರು ಕೂಡ ಕೊಡುತ್ತಿರಲಿಲ್ಲ.

ಆಮೇಲೆ ನಾವು ಕೆಂಗೇರಿ ಉಪನಗರಕ್ಕೆ ಬಂದೆವು. 2012ರಲ್ಲಿ ಕೆಂಪು ಬಣ್ಣದ ಸಣ್ಣ ಕಾರು ಬಂತು. ಒಂಬತ್ತು ವರ್ಷ ಬಾನೆಟ್ ತೆಗೆಯುವ ಪ್ರಸಂಗವೇ ಬರಲಿಲ್ಲ. 2021ರ ಆಯುಧಪೂಜೆಯ ಹಿಂದಿನ ದಿನ ಹಳೇ ಹುರುಪು ಎದ್ದು, ಪದ್ಮಿನಿಗೆ ಮಾಡುತ್ತಿದ್ದಂತೆ ಬಾನೆಟ್ ಎತ್ತಿ ಪೈಪಿನಿಂದ ಎಂಜಿನ್ನಿಗೆ ಮಂಗಳಸ್ನಾನ ಮಾಡಿಸಿದೆ. ಮಾರನೆಯ ದಿನ ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತು ಅಡಿ ಓಡಿಸಿದ್ದೂ ಆಯಿತು.

ಏಳು ತಿಂಗಳ ಮೇಲೆ ಮೈಸೂರು ರಸ್ತೆಯಲ್ಲಿ, ಗಾಳಿ ಆಂಜನೇಯನ ಗುಡಿ ಇನ್ನೇನು ಬಂತೆನ್ನುವಾಗ, ಕಾರು ಸದ್ದಿಲ್ಲದೆ ನಿಂತಿತು. ಮೀಟರಿನಲ್ಲಿ ಹಳದಿ ಎಂಜಿನ್ ದೀಪ. ಹಿಂದೆ ಹಾರ್ನಿನ ಮೇಳ, ಪಕ್ಕದಲ್ಲಿ ವೃಷಭಾವತಿಯ ನಾತ. ಅರ್ಧ ಗಂಟೆ ಆರಿದ ಮೇಲೆ ತಾನಾಗಿ ಶುರುವಾಯಿತು. ವಾರಕ್ಕೆ ಮೂರು ಸಲ ಹೀಗೇ ಆಗತೊಡಗಿತು. ಒದ್ದೆ ಮಸಿಬಟ್ಟೆ ಎಲ್ಲಿಗೆ ಸುತ್ತಲಿ?

ಗ್ಯಾರೇಜಿನ ಹುಡುಗ ಸ್ಕ್ಯಾನರ್ ಚುಚ್ಚಿದ. ಪಿ0335 ಎಂದು ಬಂತು. ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷ ಎಂದರ್ಥ. 1,650 ರೂಪಾಯಿಯ ಹೊಸ ಸೆನ್ಸರು ಬಿತ್ತು. ಎಂಟು ದಿನಕ್ಕೆ ಅದೇ ಅಂಕಿ ಮತ್ತೆ ಬಂತು. ಆಮೇಲೆ ಇಗ್ನಿಷನ್ ಕಾಯಿಲ್ಲು ಬದಲಾಯಿತು, 2,200. ನನಗೆ ಆ ಶ್ರಾವಣದ ಭಾನುವಾರಗಳು ನೆನಪಾದವು. ಆ ಅಂಕಿ ಹೇಳುವುದು ಯಾವ ದಾರಿ ಕೆಟ್ಟಿದೆ ಎಂದಷ್ಟೇ. ದಾರಿಯ ಈ ತುದಿಯೋ, ಆ ತುದಿಯೋ, ನಡುವಿನ ವೈರೋ ಎಂಬುದನ್ನು ಮನುಷ್ಯನೇ ಹುಡುಕಬೇಕು.

ಹುಡುಕಿದ್ದು ಕಾಮಾಕ್ಷಿಪಾಳ್ಯದ ಒಂದು ಲೇತ್ ಅಂಗಡಿಯ ಮಹಡಿಯಲ್ಲಿ ಕೂತಿದ್ದ ಮೂವತ್ತರ ಆಸಾಮಿ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದ. ಎಂಜಿನ್ನಿನ ಪಕ್ಕದಲ್ಲಿದ್ದ ಅಲ್ಯೂಮಿನಿಯಮ್ ಡಬ್ಬಿಯ ದಪ್ಪ ಕನೆಕ್ಟರು ಎಳೆದು, ಡಬ್ಬಿಯನ್ನು ನನ್ನ ಅಂಗೈಗಿಟ್ಟ. ಸಣ್ಣ ಪಂಚಪಾಳೆಯಷ್ಟು ಭಾರ. ಎಂಜಿನ್ ಕಂಟ್ರೋಲ್ ಮಾಡ್ಯೂಲ್ ಅಂದರೆ ಇದೇ. ಯಾವ ಗಳಿಗೆಯಲ್ಲಿ ಎಷ್ಟು ಪೆಟ್ರೋಲು ಚಿಮ್ಮಬೇಕು, ಯಾವಾಗ ಕಿಡಿ ಹಾರಬೇಕು ಎಂಬುದೆಲ್ಲ ಅದರ ಯಜಮಾನಿಕೆ. ನನ್ನ ನಾಲ್ಕು ಬ್ಲೇಡಿನ ಕೆಲಸವೂ ಅದರೊಳಗೇ ಸೇರಿತ್ತು. "ಇಲ್ನೋಡಿ ಅಂಕಲ್" ಎಂದು ಭೂತಗನ್ನಡಿ ಕೊಟ್ಟ. ಸೂಜಿಯಂಥ ಪಿನ್ನುಗಳ ಸಾಲಿನಲ್ಲಿ ಮೂರರ ಬುಡಕ್ಕೆ ಹಸಿರು ಕಟ್ಟಿತ್ತು. ಜೊತೆಗೆ ಬಂದಿದ್ದ ನಮ್ಮನೆಯವಳು ಬಗ್ಗಿ ನೋಡಿ, "ಅಯ್ಯೋ, ಕಿಲುಬು! ಹುಣಸೆಹಣ್ಣು ಹಾಕಿ ತಿಕ್ಕಬಾರದಾ?" ಎಂದಳು. ಅವನು ನಗಲಿಲ್ಲ. "ಮೇಲಿನದು ಹೋಗತ್ತೆ ಆಂಟಿ, ಆದ್ರೆ ಬೋರ್ಡಿನ ಒಳಪದರ ತಿಂದ್ಹಾಕಿದೆ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಎಂಜಿನ್ನಿಗೆ ನೀರು ಹೊಡೆದಿದ್ರಾ?"

ಹೊಸದಕ್ಕೆ 24,000, ಪ್ರೋಗ್ರಾಮಿಂಗ್ ಬೇರೆ. ಗುಜರಿಗೆ ಹೋದ ಕಾರಿನದಾದರೆ 5,500, ಆದರೆ ಡಬ್ಬಿಯ ಮೇಲಿನ ನಂಬರು ಕೊನೆಯ ಅಕ್ಷರದವರೆಗೂ ಹೊಂದಬೇಕು. ನಂಬರು ಹೊಂದಿದರೂ ಅದು ನನ್ನ ಕೀಲಿಯನ್ನು ಗುರುತಿಸುವುದಿಲ್ಲವಂತೆ. ಕೀಲಿಯೊಳಗಿನ ಚಿಪ್ಪಿನ ಗುಟ್ಟು ಹಳೇ ಡಬ್ಬಿಗೆ ಮಾತ್ರ ಗೊತ್ತು. ಸ್ಟಾರ್ಟರು ತಿರುಗುತ್ತದೆ, ಎಂಜಿನ್ನು ಹಿಡಿಯುವುದಿಲ್ಲ. ಅದಕ್ಕೆ ಅವನು ಹಳೇ ಡಬ್ಬಿಯ ಎಂಟು ಕಾಲಿನ ಒಂದು ಪುಟ್ಟ ಮೆಮೊರಿ ಚಿಪ್ಪನ್ನು ಓದಿ, ಅದರಲ್ಲಿದ್ದುದನ್ನು ನಾನು ಕೊಂಡ ಗುಜರಿ ಡಬ್ಬಿಯದಕ್ಕೆ ಬರೆದ. ಬೆಸುಗೆಯಿಂದ ರಾಳದ ಹೊಗೆ ಎದ್ದಾಗ ನನಗೆ ಕಲಾಯಿಯವನು ನೆನಪಾದ. ನವಸಾಗರದ ಹೊಗೆಯ ನಡುವೆ ಅಮ್ಮನ ಕೊಳದಪ್ಪಲೆಗೆ ಬಳಿಯುತ್ತಿದ್ದುದೂ ಇದೇ ತವರ. ಕಾಮಾಕ್ಷಿಪಾಳ್ಯದವನ ಕೂಲಿ 4,000. ಸಂಜೆ ಆರಕ್ಕೆ ಕೀಲಿ ತಿರುಗಿಸಿದೆ. ಒಂದೆರಡು ನಿಮಿಷ ಎಂಜಿನ್ನು ಗೊಣಗಿಕೊಂಡು ಆಮೇಲೆ ಸಮಕ್ಕೆ ಬಂತು.

ಎಲ್ಲ ಸೇರಿ 13,350 ರೂಪಾಯಿ. ಪೈಪಿನ ಸುದ್ದಿಯನ್ನು ಮಗನಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಕೆಟ್ಟ ಡಬ್ಬಿಯನ್ನು ಮನೆಗೆ ತಂದು, ಪದ್ಮಿನಿಯಿಂದ ಕಿತ್ತಿಟ್ಟುಕೊಂಡಿದ್ದ ಪಾಯಿಂಟು ಸೆಟ್ಟಿನ ಪಕ್ಕ ಇಟ್ಟೆ. ಆ ವರ್ಷದ ಆಯುಧಪೂಜೆಯಲ್ಲಿ ಈಳಿಗೆಮಣೆ, ಸ್ಕ್ರೂಡ್ರೈವರು, ಮಿಕ್ಸಿಗಳ ಸಾಲಿನಲ್ಲಿ ಅದನ್ನೂ ಮಣೆಯ ಮೇಲೇರಿಸಿದೆ. ನಮ್ಮನೆಯವಳು ಎಲ್ಲಕ್ಕೂ ಕುಂಕುಮ ಇಟ್ಟಳು. ನಾನು ಉದ್ಧರಣೆಯಲ್ಲಿ ನೀರು ತೆಗೆದುಕೊಂಡದ್ದೇ, ನನ್ನ ಕೈ ಹಿಡಿದಳು.

"ರೀ, ಅದಕ್ಕೆ ಬರೀ ಅಕ್ಷತೆ ಸಾಕು."