ಪೋಡಿನ ಹುಡುಗಿಯರು ಸಿಸ್ಟರ್ ಆದದ್ದು

ಬಿಳಿಗಿರಿರಂಗನ ಬೆಟ್ಟದಲ್ಲಿ ನರ್ಸಿಂಗ್ ಪಾಠ ಹೇಳಲು ನಾನು ಹೋದಾಗ, ಆ ಬೆಟ್ಟವಿರುವ ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಗೇ ಸೇರಿತ್ತು. ಡಾ. ಎಚ್. ಸುದರ್ಶನ್ 1981ರಲ್ಲಿ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ ಅಷ್ಟರಲ್ಲಿ ಬೆಟ್ಟದ ಬುಡಕಟ್ಟಿನವರಾದ ಸೋಲಿಗರ ನಂಬಿಕೆ ಗಳಿಸಿತ್ತು. ಆದರೆ ಕಾಡಿನ ಒಳಗಿನ ಪೋಡುಗಳಿಗೆ, ಅಂದರೆ ಅವರ ಹಾಡಿಗಳಿಗೆ, ನಿತ್ಯ ಹೋಗುವವರು ಬೇಕಲ್ಲ? ಕೆಳಗಿನ ಊರುಗಳಿಂದ ನೇಮಕವಾಗಿ ಬಂದ ನರ್ಸುಗಳು ಹೆಚ್ಚು ದಿನ ನಿಲ್ಲುತ್ತಿರಲಿಲ್ಲ. ಆನೆ ಓಡಾಡುವ ದಾರಿ, ಸಂಜೆಯಾದರೆ ಬಸ್ಸಿಲ್ಲ, ಕರೆಂಟಿಲ್ಲ. ಅವರನ್ನು ದೂರುವುದು ನ್ಯಾಯವಲ್ಲ.

ಪೋಡಿನ ಹುಡುಗಿಯರಿಗೇ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ) ತರಬೇತಿ ಕೊಡುವ ದಾರಿ ತೆರೆದ ಮೇಲೆ ಈ ಚಿತ್ರ ಬದಲಾಯಿತು. ಆಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು, 18 ತಿಂಗಳ ಕೋರ್ಸು. ಮನೆತನದಲ್ಲೇ ಮೊದಲ ಸಲ ಹತ್ತನೇ ತರಗತಿ ದಾಟಿದ ಹುಡುಗಿಯರು ಬಂದು ಕೂರುತ್ತಿದ್ದರು. ಇಂಗ್ಲಿಷ್ ಹೆಸರುಗಳು ನಾಲಿಗೆಗೆ ಹೊರಳುತ್ತಿರಲಿಲ್ಲ, ಆದರೆ ಗರ್ಭಿಣಿಯ ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಎಂದು ಹೇಳುವುದರಲ್ಲಿ ಚುರುಕು. ಅಜ್ಜಿಯರ ಜೊತೆ ಹೆರಿಗೆಗೆ ಹೋಗಿ ನೋಡಿದವರು ಅವರು. ಸೋಲಿಗ ಹೆಂಗಸರು ಕುಕ್ಕರುಗಾಲಲ್ಲಿ ಕೂತು ಹೆರುವ ರೂಢಿ. ಗರ್ಭಿಣಿಯನ್ನು ಮಲಗಿಸಿಯೇ ಹೆರಿಗೆ ಮಾಡಿಸಬೇಕೆಂದು ಕಲಿತು ಬಂದಿದ್ದ ನನಗೆ, ಕೂತು ಹೆರುವುದರಲ್ಲಿ ತಾಯಿಗೆ ಎಷ್ಟು ಅನುಕೂಲವಿದೆ ಎಂದು ತೋರಿಸಿದ್ದು ಆ ಹುಡುಗಿಯರೇ.

ಕುಡುಗೋಲು ಕಣ ರಕ್ತಹೀನತೆಯ ತಪಾಸಣೆಯ ದಿನಗಳು ಚೆನ್ನಾಗಿ ನೆನಪಿವೆ. ಸೋಲಿಗರಲ್ಲಿ ಈ ಕಾಯಿಲೆ ವಂಶದಿಂದ ವಂಶಕ್ಕೆ ಇಳಿದು ಬಂದಿದೆ. ಬೆರಳು ಚುಚ್ಚಿಸಿಕೊಳ್ಳಲು ಹಿರಿಯರು ಒಪ್ಪುತ್ತಿರಲಿಲ್ಲ. ನಮ್ಮ ವಿದ್ಯಾರ್ಥಿನಿಯೊಬ್ಬಳು ಮೊದಲು ತನ್ನ ಬೆರಳನ್ನೇ ಚುಚ್ಚಿಕೊಂಡು, ಒಂದು ಹನಿ ರಕ್ತವನ್ನು ಗಾಜಿನ ನಳಿಗೆಯ ದ್ರಾವಣಕ್ಕೆ ಬಿಟ್ಟು, ಗೆರೆ ಎಳೆದ ಕಾಗದವನ್ನು ಹಿಂದೆ ಹಿಡಿದಳು. "ಗೆರೆ ಕಾಣ್ತದಲ್ಲ ಅಜ್ಜಿ? ಕಂಡ್ರೆ ಭಯ ಇಲ್ಲ. ಮಬ್ಬಾಗಿ ಗೆರೆ ಮುಚ್ಚೋದ್ರೆ ಇನ್ನೊಂದು ಪರೀಕ್ಷೆ ಮಾಡಿಸ್ಬೇಕು" ಎಂದಳು. ಅಜ್ಜಿ ಕೈ ಚಾಚಿತು, ಹಿಂದೆಯೇ ಸಾಲು ಬೆಳೆಯಿತು. ಹೊರಗಿನವರು ಎಷ್ಟು ಭಾಷಣ ಮಾಡಿದರೂ ಆಗದ ಕೆಲಸ ಅದು. 2023ರಲ್ಲಿ ಕೇಂದ್ರ ಸರ್ಕಾರ ಈ ಕಾಯಿಲೆಯ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನ ಘೋಷಿಸಿದಾಗ ನನಗೆ ಮೊದಲು ನೆನಪಾದದ್ದು ಈ ಹುಡುಗಿಯರು.

ಹೀಗೆ ತಯಾರಾದವರ ಮುಂದಿನ ದಾರಿ ಮಾತ್ರ ವರ್ಷದಿಂದ ವರ್ಷಕ್ಕೆ ಕಡಿದಾಯಿತು. ಎಎನ್‌ಎಂ ಸೇರಲು ಪಿಯುಸಿ ಬೇಕೆಂದಾಯಿತು, ಕೋರ್ಸು ಎರಡು ವರ್ಷಕ್ಕೆ ಏರಿತು. ಕಲಿಕೆಯ ಮಟ್ಟ ಏರಲಿ, ಒಪ್ಪುತ್ತೇನೆ. ಆದರೆ ಹತ್ತನೇ ತರಗತಿಯ ನಂತರ ಬೆಟ್ಟ ಇಳಿದು ಹಾಸ್ಟೆಲ್ ಸೀಟು ಹುಡುಕಬೇಕಾದ ಎಷ್ಟೋ ಹುಡುಗಿಯರು ಅಲ್ಲಿಗೇ ಓದು ಬಿಟ್ಟರು. 2005ರ ನಂತರ ಊರಿನ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರಾಗಿ ಮಾಡುವ ಆಶಾ ಯೋಜನೆ ಬಂದು ಪೋಡಿನ ಹೆಂಗಸರಿಗೂ ಆರೋಗ್ಯ ಇಲಾಖೆಯ ಬಾಗಿಲು ತೆರೆಯಿತು ನಿಜ. ಆದರೆ ಸಿಕ್ಕಿದ್ದು ಸಂಬಳವಲ್ಲ, ಗೌರವಧನ. 2018ರಲ್ಲಿ ಆಯುಷ್ಮಾನ್ ಭಾರತದಡಿ ಆರೋಗ್ಯ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಯ ಹುದ್ದೆ ಬಂತು. ನರ್ಸುಗಳು ಅದಕ್ಕೆ ಹೋಗಬೇಕಾದರೆ ಬಿಎಸ್ಸಿ ನರ್ಸಿಂಗ್ ಅಥವಾ ಜಿಎನ್‌ಎಂ ಡಿಪ್ಲೊಮಾ ಓದಿರಬೇಕು. ಇಪ್ಪತ್ತು ವರ್ಷ ಪೋಡು ಸುತ್ತಿದ ಎಎನ್‌ಎಂ ಅನುಭವ ಆ ಲೆಕ್ಕಕ್ಕೆ ಬರುವುದಿಲ್ಲ.

ಮಾಡಬೇಕಾದ್ದು ಕಷ್ಟದ ಕೆಲಸವಲ್ಲ. ದುಡಿಯುತ್ತಿರುವ ಆಶಾ ಕಾರ್ಯಕರ್ತೆ ಎಎನ್‌ಎಂ ಆಗಲು, ಎಎನ್‌ಎಂ ಜಿಎನ್‌ಎಂ ಓದಲು ಬುಡಕಟ್ಟಿನವರಿಗೆಂದೇ ಸೀಟು ತೆಗೆದಿಡಬೇಕು. ಓದುವಷ್ಟು ಕಾಲ ಮನೆ ನಡೆಯುವಂತೆ ವೇತನ ಕೊಡಬೇಕು. ಓದು ಮುಗಿಸಿದವರನ್ನು ಅವರ ಪೋಡಿನ ಹತ್ತಿರದ ಕೇಂದ್ರಕ್ಕೇ ಹಾಕಬೇಕು. ಪೋಡಿನ ಹುಡುಗಿಯರು ಈ ಕೆಲಸ ಮಾಡಬಲ್ಲರು ಎಂಬುದು ನಾನು ಕಣ್ಣಾರೆ ಕಂಡ ಸತ್ಯ. ಅವರಿಗೆ ಮೇಲೇರುವ ದಾರಿ ಮಾಡಿಕೊಡುವುದು ಈಗ ಸರ್ಕಾರದ ಹೊಣೆ.